ಮದುವೆ ನೋಂದಣಿ: ಏಜೆಂಟ್ ಕೋಕಾ, ಝೆರಾಕ್ಸ್ ಅಂಗಡಿ ರಾಶಿ

ನಾನು ಶಿರಸಿಯ ಒಂದು ಸೊಸೈಟಿಯಲ್ಲಿ ಅಡಿಕೆ ವ್ಯಾಪಾರದ ಚೀಟಿ ಬರೆಯುವವಳು. ಹನ್ನೊಂದು ವರ್ಷದಿಂದ ಅದೇ ಕುರ್ಚಿ, ಅದೇ ಫ್ಯಾನು. ಹಾಗಾಗಿ ಈ ವಿಮರ್ಶೆಯಲ್ಲಿ ನಕ್ಷತ್ರ ಎಣಿಸಿ ಕೊಡಲು ಬರುವುದಿಲ್ಲ. ನನಗೆ ಗೊತ್ತಿರುವುದು ಅಡಿಕೆಯ ದರ್ಜೆ, ಮೇಲಿನಿಂದ ಕೆಳಗೆ: ರಾಶಿ, ತಟ್ಟಿಬೆಟ್ಟೆ, ಚಾಲಿ, ಬಿಳೇಗೋಟು, ಕೋಕಾ. ಕಳೆದ ಮಳೆಗಾಲದಲ್ಲಿ, ಅಂದರೆ 2025ರ ಜೂನ್-ಜುಲೈನಲ್ಲಿ, ನನ್ನ ಮದುವೆಯ ಕಾಗದದ ಕೆಲಸಕ್ಕೆ ಮೂರು ಬಾಗಿಲು ಹತ್ತಿದೆ. ಒಬ್ಬ ಏಜೆಂಟ್, ಒಂದು ಟೈಪಿಂಗ್-ಝೆರಾಕ್ಸ್ ಅಂಗಡಿ, ಆಮೇಲೆ ಸರ್ಕಾರ. ಮೂರಕ್ಕೂ ದರ್ಜೆ ಹಾಕಿದ್ದೇನೆ. ಮದುವೆಗೆ ಹೊರಟ ಯಾರಿಗಾದರೂ ಉಪಯೋಗವಾದರೆ ಆಗಲಿ, ಇಲ್ಲವಾದರೆ ನನ್ನ ಮೂರು ಸಾವಿರ ಹೋದ ಹೊಟ್ಟೆಯುರಿಯಾದರೂ ತಣಿಯಲಿ.

ಮೊದಲು ನಮ್ಮ ಪರಿಸ್ಥಿತಿ. ನಾನು ಬನವಾಸಿ ರಸ್ತೆಯ ಒಂದು ಹಳ್ಳಿಯ ಹವ್ಯಕರ ಮನೆಯವಳು. ಅವನು ಕಾರವಾರದ ಬೈತಖೋಲ್ ಕಡೆಯ ಖಾರ್ವಿ ಮನೆಯವನು, ಟ್ರಾಲರ್ ದೋಣಿಗಳ ಡೀಸೆಲ್ ಎಂಜಿನ್ ರಿಪೇರಿ ಮಾಡುತ್ತಾನೆ. ಅವನ ಮನೆಯವರಿಗೆ ಅವರ ಶಾಸ್ತ್ರ ಆಗಬೇಕು, ನಮ್ಮವರಿಗೆ ನಮ್ಮದು. ಎರಡೂ ಕಡೆಯವರಿಗೆ ಒಮ್ಮತ ಇದ್ದದ್ದು ಒಂದೇ ವಿಷಯದಲ್ಲಿ: ಇನ್ನೊಬ್ಬರ ಶಾಸ್ತ್ರ ಬೇಡ. ಸರಿ, ಯಾರ ಶಾಸ್ತ್ರವೂ ಬೇಡ, ಕಚೇರಿಯಲ್ಲಿ ಸಹಿ ಹಾಕಿ ಮುಗಿಸೋಣ ಅಂತ ನಾವಿಬ್ಬರೇ ತೀರ್ಮಾನಿಸಿದೆವು. ಜೂನ್-ಜುಲೈ ಆರಿಸಿಕೊಂಡದ್ದು ಪ್ರೇಮದ ಲೆಕ್ಕಾಚಾರದಿಂದ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ದೋಣಿಗಳೆಲ್ಲ ದಡದಲ್ಲಿ, ಅವನ ಕೈಯಲ್ಲಿ ರಜೆ. ನನ್ನ ಕಡೆಯೂ ಅಡಿಕೆ ಆವಕ ಇಳಿಮುಖವಾದ ಸಮಯ. ನಮ್ಮಿಬ್ಬರಿಗೂ ಒಟ್ಟಿಗೆ ಪುರುಸೊತ್ತು ಸಿಗುವ ಎರಡೇ ತಿಂಗಳು ಅವು.

ಈಗ ಏಜೆಂಟ್. ಹೆಸರು ಹಾಕುವುದಿಲ್ಲ, ಊರೂ ಹೇಳುವುದಿಲ್ಲ. ಗೆಳತಿಯ ಗೆಳತಿ ಕೊಟ್ಟ ನಂಬರ್. ಹೋಟೆಲಿನ ಮೂಲೆಯ ಮೇಜೇ ಅವನ ಆಫೀಸು, ಚಹಾದ ಬಿಲ್ಲು ನಮ್ಮದು. ‘ಎಲ್ಲಾ ಸೇರಿ ಹನ್ನೆರಡು ಸಾವಿರ’ ಅಂದ. ಏನೇನು ಸೇರಿ ಅಂತ ಕೇಳಿದೆ. ವೃತ್ತಿಯಿಂದ ಬಂದ ಚಟ, ಮೊತ್ತ ಹೇಳಿದ ಕೂಡಲೇ ವಿವರ ಕೇಳುವುದು. ಅವನು ನಕ್ಕು, ‘ಮೇಡಂ, ಸರ್ಟಿಫಿಕೇಟ್ ನಿಮ್ಮ ಕೈಗೆ ಬರ್ತದೆ, ಮತ್ತೆಂತ ಬೇಕು?’ ಅಂದ. ಮೂವತ್ತು ದಿನ ನೋಟಿಸ್ ಹಾಕಿ ಕಾಯುವ ತಾಪತ್ರಯ ಯಾಕೆ, ನೀವಿಬ್ಬರೂ ಹಿಂದೂ ಅಲ್ಲವಾ, ಒಂದು ದೇವಸ್ಥಾನದ ರಸೀದಿ, ಹಾರ ಹಾಕಿಕೊಂಡ ನಾಲ್ಕು ಫೋಟೊ, ಎರಡು ದಿನದಲ್ಲಿ ಕೆಲಸ ಮುಗಿಯುತ್ತದೆ ಅಂತ ಅವನ ವಾದ. ನಾವು ಮೂರು ಸಾವಿರ ಮುಂಗಡ ಕೊಟ್ಟೆವು. ನಾನೇ ಕೊಟ್ಟದ್ದು, ನನ್ನ ಹುಡುಗ ಬೇಡ ಅಂದಿದ್ದ, ಇದನ್ನು ಇಲ್ಲಿ ಬರೆಯುತ್ತೇನೆ ಅಂತ ಮಾತು ಕೊಟ್ಟಿದ್ದೇನೆ.

ನಾಲ್ಕು ದಿನ ಬಿಟ್ಟು ಏಜೆಂಟನ ಫೋನು. ಲಗ್ನಪತ್ರಿಕೆ ಒಂದಿಪ್ಪತ್ತು ಪ್ರತಿ ಮುದ್ರಿಸಿಕೊಳ್ಳಿ, ತಾರೀಖು ಏಪ್ರಿಲ್ ತಿಂಗಳದ್ದು ಇರಲಿ.

ಹಿಂದಿನ ತಾರೀಖು! ಬೇರೆ ಯಾವ ಸುಳ್ಳು ಹೇಳಿದ್ದರೂ ನಾನು ಬಹುಶಃ ಗೊತ್ತಾಗದೆ ಹಳ್ಳಕ್ಕೆ ಬೀಳುತ್ತಿದ್ದೆ. ಆದರೆ ಹಿಂದಿನ ತಾರೀಖಿನ ಚೀಟಿ ಬರೆಯುವುದು ಅಂದರೆ ನಮ್ಮ ಕೆಲಸದಲ್ಲಿ ಕುರ್ಚಿ ಖಾಲಿ ಮಾಡುವ ವಿಷಯ. ಆವತ್ತು ರಾತ್ರಿಯೇ ಕೂತು ಕಾಯ್ದೆಗಳನ್ನು ಓದಿದೆ. ಕೇಂದ್ರದ ಕಾಯ್ದೆಗಳೆಲ್ಲ ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಂಗಳದ ತುದಿಯ ತುಳಸಿಕಟ್ಟೆಯ ಹತ್ತಿರ ಮಾತ್ರ. ಕೊಡೆ ಹಿಡಿದು ನಿಂತು ಡೌನ್‌ಲೋಡ್ ಮಾಡಿಕೊಂಡೆ. ಓದಿದ ಮೇಲೆ ಗೊತ್ತಾದದ್ದು, ಏಜೆಂಟ್ ಎರಡು ಬೇರೆ ಬೇರೆ ಕೆಲಸಗಳನ್ನು ಕಲಸಿ ಒಂದೇ ಪೊಟ್ಟಣ ಕಟ್ಟಿ ಮಾರುತ್ತಿದ್ದಾನೆ ಅಂತ. ಬಿಳಿ ಚಾಲಿಗೆ ಬಣ್ಣ ಹಚ್ಚಿ ಕೆಂಪಡಿಕೆ ಅಂದ ಹಾಗೆ.

ಒಂದು ಕೆಲಸ, ಆಗಲೇ ಆಗಿಹೋದ ಮದುವೆಯನ್ನು ದಾಖಲು ಮಾಡಿಸುವುದು. 1955ರ ಹಿಂದೂ ವಿವಾಹ ಕಾಯ್ದೆಯ 8ನೇ ಕಲಂ ಹೇಳುವುದು ಇದನ್ನೇ. ಅಲ್ಲಿ ಸಬ್ ರಿಜಿಸ್ಟ್ರಾರ್ ಮದುವೆ ಮಾಡಿಸುವವರಲ್ಲ, ಬರೆದುಕೊಳ್ಳುವವರು. ಮದುವೆ ಆಗುವುದು 7ನೇ ಕಲಮಿನ ಪ್ರಕಾರ, ಇಬ್ಬರಲ್ಲಿ ಯಾರದಾದರೂ ಒಬ್ಬರ ಕಡೆಯ ರೂಢಿಯ ಶಾಸ್ತ್ರದಿಂದ. ಸಪ್ತಪದಿ ಇರುವ ಶಾಸ್ತ್ರವಾದರೆ ಏಳನೇ ಹೆಜ್ಜೆಗೆ ಮದುವೆ ಪೂರ್ಣ ಅಂತ ಕಾಯ್ದೆಯಲ್ಲೇ ಬರೆದಿದೆ. ನೋಂದಣಿ ಮಾಡಿಸದೆ ಇದ್ದರೂ ಆ ಮದುವೆ ಮದುವೆಯೇ. ಆದರೆ ತಿರುಗಾಮುರುಗಾ ಮಾಡಲು ಬರುವುದಿಲ್ಲ: ಶಾಸ್ತ್ರ ಆಗದೆ ಬರೀ ನೋಂದಣಿ ಆದರೆ ಅದು ಮದುವೆ ಅಲ್ಲ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ. ಇಬ್ಬರು ಪೈಲಟ್‌ಗಳು ಶಾಸ್ತ್ರ ಮಾಡಿಕೊಳ್ಳದೆ ಒಂದು ಸಂಸ್ಥೆಯಿಂದ ಪ್ರಮಾಣಪತ್ರ ತಂದು ನೋಂದಣಿ ಮಾಡಿಸಿದ್ದರು. ಪ್ರಮಾಣಪತ್ರವೂ ಹೋಯಿತು, ನೋಂದಣಿಯೂ ಹೋಯಿತು, ಅವರು ಯಾವತ್ತೂ ಗಂಡ-ಹೆಂಡತಿ ಆಗಿರಲೇ ಇಲ್ಲ ಅಂತ ಆಯಿತು. ನಮ್ಮ ಏಜೆಂಟ್ ಹನ್ನೆರಡು ಸಾವಿರಕ್ಕೆ ಮಾರಲು ಹೊರಟಿದ್ದು ಅದೇ ಸರಕು.

ಇನ್ನೊಂದು ಕೆಲಸ, ಅಧಿಕಾರಿಯ ಎದುರಿಗೇ ಮದುವೆ ಆಗುವುದು. ಅದಕ್ಕೆ 1954ರ ವಿಶೇಷ ವಿವಾಹ ಕಾಯ್ದೆ. ಏಜೆಂಟ್ ಹೇಳಿದ ಮೂವತ್ತು ದಿನದ ನೋಟಿಸ್ ಬರುವುದು ಇದರಲ್ಲೇ. ಬೇರೆ ಬೇರೆ ಧರ್ಮದವರಿಗೆ ಮಾತ್ರ ಅಂತ ಊರಲ್ಲಿ ಎಲ್ಲರೂ ತಿಳಿದಿದ್ದಾರೆ, ನಾನೂ ಹಾಗೇ ತಿಳಿದಿದ್ದೆ. ಹಾಗೇನಿಲ್ಲ. ಒಂದೇ ಧರ್ಮದವರಾಗಲಿ, ಒಂದೇ ಜಾತಿಯವರಾಗಲಿ, ಶಾಸ್ತ್ರ ಬೇಡ ಅನ್ನುವ ಯಾರಾದರೂ ಆಗಬಹುದು. ನಮಗೆ ಬೇಕಾದದ್ದು ಇದು. ಏಜೆಂಟನನ್ನು ಹೋಗಿ ಕೇಳುವಾಗ ನಮಗೇ ಇದು ಗೊತ್ತಿರಲಿಲ್ಲ, ಅವನಿಗೆ ಗೊತ್ತಿದ್ದೂ ಹೇಳಲಿಲ್ಲ. ಯಾಕೆಂದರೆ ಇದರಲ್ಲಿ ಅವನಿಗೆ ಮಾಡಲು ಕೆಲಸವೇ ಇಲ್ಲ, ಕಾಯುವ ಕೆಲಸ ನಮ್ಮದೇ.

ಮುಂಗಡ ವಾಪಸ್ ಕೇಳಿದೆ. ‘ಓಡಾಟದ ಖರ್ಚು ಆಯ್ತು’ ಅಂದ. ಎಲ್ಲಿಗೆ ಓಡಾಡಿದ ಅಂತ ಹೇಳಲಿಲ್ಲ. ದರ್ಜೆ: ಕೋಕಾ. ಕೋಕಾಕ್ಕಾದರೂ ಮಾರುಕಟ್ಟೆಯಲ್ಲಿ ಒಂದು ದರ ಇರುತ್ತದೆ ಅನ್ನುವುದು ನನ್ನ ಸಹೋದ್ಯೋಗಿಯ ಆಕ್ಷೇಪ.

ಈಗ ಝೆರಾಕ್ಸ್ ಅಂಗಡಿ. ಹತ್ತಡಿ ಅಗಲ ಇರಲಿಕ್ಕಿಲ್ಲ. ಒಂದು ಕಂಪ್ಯೂಟರ್, ಒಂದು ಝೆರಾಕ್ಸ್ ಯಂತ್ರ, ಯಂತ್ರದ ಮೇಲೆ ಸಣ್ಣ ಟವೆಲ್. ಶಿರಸಿ ಮಳೆಯಲ್ಲಿ ಕಾಗದ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ ಅಂತ ಪೇಪರ್ ರೀಮ್‌ಗಳನ್ನು ಅಕ್ಕಿ ಡಬ್ಬಿಯೊಳಗೆ ಇಟ್ಟಿದ್ದಾರೆ. ನಡೆಸುವವರು ನಲವತ್ತೈದರ ಆಸುಪಾಸಿನ ಒಬ್ಬ ಅಕ್ಕ. ಇಲ್ಲೂ ಹೆಸರು ಬೇಡ, ಅವರೇ ಬೇಡ ಅಂದರು. ‘ಆಮೇಲೆ ಓಡಿ ಬಂದ ಜೋಡಿಗಳೆಲ್ಲ ಇಲ್ಲಿಗೇ ಬರ್ತವು, ಅವರ ಹಿಂದೆ ಅವರ ಅಪ್ಪಂದಿರು.’

ನಾನು ಅಂಗಡಿಗೆ ಹೋದ ಕೂಡಲೇ ಅವರು ಕೇಳಿದ ಮೊದಲ ಪ್ರಶ್ನೆ: ‘ಮದುವೆ ಆಗಿದ್ಯೋ, ಆಗಬೇಕೋ?’ ಅಷ್ಟೇ. ಏಜೆಂಟ್ ಒಂದು ಗಂಟೆ ಚಹಾ ಕುಡಿದೂ ಕೇಳದ ಪ್ರಶ್ನೆ. ಆಗಬೇಕು ಅಂದೆ. ಹಾಗಾದರೆ ನೋಟಿಸ್ ನಮೂನೆ ಅಂತ ಫೈಲ್ ತೆಗೆದರು. ಆಗಿದೆ ಅಂದಿದ್ದರೆ ಬೇರೆ ದಾರಿ. ನನ್ನ ಸಹೋದ್ಯೋಗಿಯೊಬ್ಬಳ ಮದುವೆ ಛತ್ರದಲ್ಲಿ ಊರು ಕರೆದು ಆಗಿತ್ತು. ಅವಳು ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ಆಧಾರ್ ದೃಢೀಕರಣ ಮಾಡಿ, ಲಗ್ನಪತ್ರಿಕೆ, ಮದುವೆಯ ವಿಡಿಯೊ ಏರಿಸಿ ಕೂತಲ್ಲೇ ಅರ್ಜಿ ಹಾಕಿದಳು. ಹಿಂದೂ ವಿವಾಹ ನೋಂದಣಿಗೆ 2024ರ ಫೆಬ್ರವರಿಯಿಂದ ರಾಜ್ಯದಲ್ಲಿ ಆ ಅನುಕೂಲ ಇದೆ. ಅವಳಿಗೆ ಅಕ್ಕನ ಅಂಗಡಿಯೂ ಬೇಕಾಗಲಿಲ್ಲ.

ನೋಟಿಸ್ ನಮೂನೆ ವಿಶೇಷ ವಿವಾಹ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ಒಂದೇ ಪುಟ. ಹೆಸರು, ಸ್ಥಿತಿ, ಉದ್ಯೋಗ, ವಯಸ್ಸು, ವಾಸದ ಸ್ಥಳ, ಕಾಯಂ ವಾಸ ಬೇರೆ ಇದ್ದರೆ ಅದು, ಎಷ್ಟು ಕಾಲದಿಂದ ವಾಸ. ‘ಸ್ಥಿತಿ’ ಅಂದರೆ ಹಣಕಾಸಿನ ಸ್ಥಿತಿ ಅಂತ ಅವನು ತಿಳಿದು ‘ಸಾಧಾರಣ’ ಅಂತ ಬರೆದಿದ್ದ. ಅಕ್ಕ ಅಳಿಸಿ ‘ಅವಿವಾಹಿತ’ ಮಾಡಿದರು. ಆ ನಮೂನೆಯಲ್ಲಿ ಜಾತಿಯ ಕಾಲಂ ಇಲ್ಲ, ಗೋತ್ರದ್ದಿಲ್ಲ, ತಂದೆ-ತಾಯಿಯ ಒಪ್ಪಿಗೆಯ ಸಾಲಿಲ್ಲ. ನಾನು ಎರಡು ಸಲ ತಿರುಗಿಸಿ ನೋಡಿದೆ. ನಾವು ಏಳು ವರ್ಷ ಯಾವ ವಿಷಯಕ್ಕೆ ಹೆದರಿದ್ದೆವೋ ಅದಕ್ಕೆ ಆ ಕಾಗದದಲ್ಲಿ ಜಾಗವೇ ಇರಲಿಲ್ಲ.

ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಮುಂಚಿನ 30 ದಿನ ಆ ಅಧಿಕಾರಿಯ ವ್ಯಾಪ್ತಿಯಲ್ಲಿ ವಾಸ ಮಾಡಿರಬೇಕು. ನಾನು ಹುಟ್ಟಿದಾಗಿನಿಂದ ಇಲ್ಲೇ ಇದ್ದೇನೆ, ಚಿಂತೆಯಿಲ್ಲ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ನನಗೆ 33, ಅಲ್ಲೂ ಚಿಂತೆಯಿಲ್ಲ, ಅಕ್ಕ ಮಾತ್ರ ಎಸ್ಸೆಸ್ಸೆಲ್ಸಿ ಕಾರ್ಡ್ ನೋಡಿ ನನ್ನ ಮುಖ ನೋಡಿದರು. ಚಿಂತೆ ಬಂದದ್ದು ಹೆಸರಿನಲ್ಲಿ. ಕನ್ನಡದಲ್ಲಿ ಹೆಗಡೆ ಅಂದರೆ ಹೆಗಡೆ. ಇಂಗ್ಲಿಷ್ ಅಕ್ಷರಕ್ಕೆ ಇಳಿಸುವಾಗ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ನಡುವೆ ಒಂದು ‘ಎ’ ಇದೆ, ಆಧಾರಿನಲ್ಲಿ ಇಲ್ಲ. ಜೊತೆಗೆ ಒಂದರಲ್ಲಿ ಅಪ್ಪನ ಹೆಸರಿನ ಮೊದಲಕ್ಷರ, ಇನ್ನೊಂದರಲ್ಲಿ ಪೂರ್ತಿ ಹೆಸರು. ಅಕ್ಕ ಅದನ್ನು ಕೌಂಟರಿಗೆ ಹೋಗುವ ಮುಂಚೆಯೇ ಹಿಡಿದರು. ಎರಡೂ ಹೆಸರು ಒಬ್ಬಳದೇ ಅಂತ ಛಾಪಾ ಕಾಗದದ ಮೇಲೆ ಅಫಿಡವಿಟ್, ನೋಟರಿಯ ಮೊಹರು. ಅದಕ್ಕೆ ಒಂದು ಮಧ್ಯಾಹ್ನ ಹೋಯಿತು. ಇದನ್ನು ಕಚೇರಿಯಲ್ಲಿ ಯಾರಾದರೂ ಹಿಡಿದಿದ್ದರೆ ಒಂದು ವಾರ ಹೋಗುತ್ತಿತ್ತು, ಯಾಕೆಂದರೆ ಅವನು ಕಾರವಾರದಿಂದ ಇನ್ನೊಮ್ಮೆ ಘಟ್ಟ ಹತ್ತಬೇಕಿತ್ತು. ಮಳೆಗಾಲದಲ್ಲಿ ದೇವಿಮನೆ ಘಟ್ಟವನ್ನು ನಂಬಲು ಬರುವುದಿಲ್ಲ. ಅವನು ಎರಡು ಸಲ ಬಂದದ್ದೂ ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ ಸುತ್ತಿ.

ಜೂನ್ 9, ಸೋಮವಾರ ನೋಟಿಸ್ ಕೊಟ್ಟೆವು. ಆವತ್ತು ಅಂಗಡಿಯ ಲೆಕ್ಕ: ಟೈಪಿಂಗ್ 160, ಝೆರಾಕ್ಸ್ 46, ಫೋಟೊ ಕತ್ತರಿಸಿ ಅಂಟಿಸಿದ್ದಕ್ಕೆ ಏನಿಲ್ಲ. ಬಿಲ್ ಕೇಳಿದ್ದಕ್ಕೆ ಹಳೇ ಕ್ಯಾಲೆಂಡರಿನ ಹಿಂದೆ ಬರೆದುಕೊಟ್ಟರು, ಅದು ನನ್ನ ಹತ್ತಿರ ಇದೆ.

ಇನ್ನು ಕಾಯುವ ಮೂವತ್ತು ದಿನ. ಈ ಸೇವೆಯ ನಿಜವಾದ ಬೆಲೆ ಇಲ್ಲಿದೆ. ನೋಟಿಸನ್ನು ಕಚೇರಿಯ ಫಲಕಕ್ಕೆ ಹಚ್ಚುತ್ತಾರೆ. ಅದರಲ್ಲಿ ನಮ್ಮಿಬ್ಬರ ಹೆಸರು, ವಿಳಾಸ, ಫೋಟೊ. ಒಬ್ಬರು ಬೇರೆ ಅಧಿಕಾರಿಯ ವ್ಯಾಪ್ತಿಯ ಕಾಯಂ ನಿವಾಸಿ ಆಗಿದ್ದರೆ ಅಲ್ಲಿಗೂ ಒಂದು ಪ್ರತಿ ಹೋಗುತ್ತದೆ. ಕಾಯ್ದೆಯಲ್ಲಿ ‘ಜಿಲ್ಲೆ’ ಅಂತ ಬರೆದಿದ್ದನ್ನು ನೋಡಿ, ಇಬ್ಬರೂ ಉತ್ತರ ಕನ್ನಡದವರೇ ಅಲ್ಲವೇ, ಒಂದೇ ಕಡೆ ಸಾಕು ಅಂದುಕೊಂಡಿದ್ದೆ. ಆ ಕಾಯ್ದೆಯ ಜಿಲ್ಲೆ ನಮ್ಮ ಜಿಲ್ಲೆಯಲ್ಲ, ಆ ಅಧಿಕಾರಿಗೆ ವಹಿಸಿದ ಪ್ರದೇಶ. ಹಾಗಾಗಿ ಘಟ್ಟದ ಮೇಲೊಂದು, ಘಟ್ಟದ ಕೆಳಗೊಂದು ಫಲಕದಲ್ಲಿ ನಾವು ತೂಗಿದೆವು. ಕಾರವಾರದ್ದನ್ನು ಅವನ ದೋಣಿಯ ಗೆಳೆಯರು ಫೋಟೊ ಹೊಡೆದು ಗುಂಪಿನಲ್ಲಿ ಹಾಕಿದರು, ಕೆಳಗೆ ಐವತ್ತು ಜನರ ಶುಭಾಶಯ, ಪಾರ್ಟಿ ಯಾವಾಗ ಅಂತ. ಇಲ್ಲಿಯದ್ದನ್ನು ಜಮೀನು ರಿಜಿಸ್ಟ್ರಿಗೆ ಹೋದ ಯಾರೋ ನೋಡಿ ನಮ್ಮ ದೊಡ್ಡಪ್ಪನಿಗೆ ಫೋನ್ ಮಾಡಿದರು. ನಾನು ಮನೆಯಲ್ಲಿ ಹೇಳುವ ಭಾನುವಾರ ಗೊತ್ತು ಮಾಡಿಕೊಂಡಿದ್ದೆ. ದೊಡ್ಡಪ್ಪ ಗುರುವಾರವೇ ಬಂದ.

‘ಎಂತ ಕೂಸೇ, ಬೋರ್ಡಿನ ಮೇಲೆ ನಿನ್ನ ಫೋಟೊ ಇದ್ದಡ?’

ಈ ಫಲಕದ ಬಗ್ಗೆ ನನ್ನ ತಕರಾರು ಇದೆ, ಅದು ಕಚೇರಿಯ ಮೇಲಲ್ಲ, ಕಾಯ್ದೆಯ ಮೇಲೆ. ಛತ್ರದಲ್ಲಿ ಮದುವೆಯಾಗುವವರ ವಿಳಾಸವನ್ನು ಯಾರೂ ಮೂವತ್ತು ದಿನ ಗೋಡೆಗೆ ಹಚ್ಚುವುದಿಲ್ಲ. 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟ್, ಜೋಡಿ ಬೇಡ ಅಂದರೆ ನೋಟಿಸ್ ಪ್ರಕಟಿಸಬೇಕಿಲ್ಲ ಅಂತ ಹೇಳಿತು. ಅದು ಉತ್ತರ ಪ್ರದೇಶದ ಮಾತು, ಇಲ್ಲಿ ನಮ್ಮದನ್ನು ಹಚ್ಚಿದರು. ನನಗೆ ನೌಕರಿ ಇತ್ತು, ವಯಸ್ಸಾಗಿತ್ತು, ದೊಡ್ಡಪ್ಪ ಬೈಯುವುದರಲ್ಲೇ ಮುಗಿಸುವ ಮನುಷ್ಯ. ಇಪ್ಪತ್ತರ ಹುಡುಗಿಯೊಬ್ಬಳಿಗೆ ಆ ಗುರುವಾರ ಹೇಗಿರುತ್ತಿತ್ತು ಅಂತ ನಾನು ಆಗಾಗ ಯೋಚಿಸುತ್ತೇನೆ.

ದೊಡ್ಡಪ್ಪ ತಕರಾರು ಅರ್ಜಿ ಹಾಕುತ್ತೇನೆ ಅಂದ. ಹಾಕಬಹುದು, ಯಾರು ಬೇಕಾದರೂ ಹಾಕಬಹುದು. ಆದರೆ ತಕರಾರಿಗೆ ಕಾರಣ 4ನೇ ಕಲಮಿನೊಳಗಿನದ್ದೇ ಆಗಬೇಕು: ಯಾರಿಗಾದರೂ ಆಗಲೇ ಗಂಡನೋ ಹೆಂಡತಿಯೋ ಇದ್ದರೆ, ವಯಸ್ಸು ತುಂಬದಿದ್ದರೆ, ಬುದ್ಧಿಸ್ಥಿಮಿತವಿಲ್ಲದೆ ಒಪ್ಪಿಗೆ ಕೊಡಲಾರದ ಸ್ಥಿತಿಯಿದ್ದರೆ, ನಿಷೇಧಿತ ಸಂಬಂಧ ಇದ್ದರೆ. ‘ಮೀನು ತಿಂತ’ ಅನ್ನುವುದು ಆ ಪಟ್ಟಿಯಲ್ಲಿಲ್ಲ. ತಕರಾರು ಬಂದರೆ ಅಧಿಕಾರಿ 30 ದಿನದೊಳಗೆ ವಿಚಾರಣೆ ಮುಗಿಸಿ ತೀರ್ಮಾನಿಸಬೇಕು. ಸದುದ್ದೇಶವಿಲ್ಲದ ತಕರಾರು ಅಂತ ಕಂಡರೆ ಹಾಕಿದವರ ಮೇಲೆ ಒಂದು ಸಾವಿರ ರೂಪಾಯಿವರೆಗೆ ಖರ್ಚು ಹೊರಿಸಬಹುದು, ಅದು 9ನೇ ಕಲಂ. ನಾನು ಇದಿಷ್ಟನ್ನೂ ಅಂಗಡಿಯಿಂದ ಪ್ರಿಂಟ್ ಹಾಕಿಸಿ ತಂದಿದ್ದೆ. ದೊಡ್ಡಪ್ಪ ಸಾವಿರದ ಸಾಲನ್ನು ಎರಡು ಸಲ ಓದಿ ಕನ್ನಡಕ ತೆಗೆದ.

ಆಮೇಲೆ ನಿಜವಾದ ವಿಷಯ ಹೊರಗೆ ಬಂತು. ತೋಟ. ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾದವರು ಅವಿಭಕ್ತ ಕುಟುಂಬದಿಂದ ಹೊರಗೆ ಹೋದ ಹಾಗೆ, ಅಲ್ಲವಾ, ಹಾಗಾಗಿ ಪಾಲಿನ ಲೆಕ್ಕ ಈಗಲೇ ಮುಗಿಸೋಣ ಅಂದ. ಅವನು ಪೂರ್ತಿ ತಪ್ಪಲ್ಲ. 19ನೇ ಕಲಂ ಹಾಗೆ ಹೇಳುತ್ತದೆ. ಯಾರೋ ವಕೀಲರ ಗುಮಾಸ್ತರು ಅವನಿಗೆ ಅಷ್ಟು ಓದಿ ಹೇಳಿದ್ದರು. ಆದರೆ 1976ರ ತಿದ್ದುಪಡಿಯಲ್ಲಿ 21ಎ ಅಂತ ಒಂದು ಕಲಂ ಸೇರಿದೆ. ಹುಡುಗ-ಹುಡುಗಿ ಇಬ್ಬರೂ ಹಿಂದೂ, ಬೌದ್ಧ, ಸಿಖ್ ಅಥವಾ ಜೈನರಾಗಿದ್ದರೆ 19ನೇ ಕಲಂ ಅವರಿಗೆ ಹತ್ತುವುದಿಲ್ಲ, ಉತ್ತರಾಧಿಕಾರವೂ ಮೊದಲಿನ ಹಾಗೇ. ಹೆಣ್ಣುಮಕ್ಕಳಿಗೆ 2005ರ ತಿದ್ದುಪಡಿಯಲ್ಲಿ ಬಂದ ಪಾಲಿನ ಹಕ್ಕೂ ಎಲ್ಲಿಗೂ ಹೋಗುವುದಿಲ್ಲ. ಬೇರೆ ಧರ್ಮದವರನ್ನು ಆಗುವವರು ಈ ಎರಡು ಕಲಂಗಳನ್ನು ಸಾವಕಾಶ ಓದಿಕೊಳ್ಳಿ, ವಕೀಲರಿಗೆ ಒಂದು ಸಲದ ಫೀ ಕೊಟ್ಟರೂ ನಷ್ಟವಿಲ್ಲ, ಯಾಕೆಂದರೆ ಅಲ್ಲಿ ಲೆಕ್ಕ ನಿಜವಾಗಿಯೂ ಬದಲಾಗುತ್ತದೆ. ನಮ್ಮ ಮಟ್ಟಿಗೆ ದೊಡ್ಡಪ್ಪ ಆ ದಿನ ಊಟ ಮಾಡದೆ ಹೋದ. ಅಪ್ಪ ಇಡೀ ಹೊತ್ತು ಒಂದು ಮಾತೂ ಆಡಲಿಲ್ಲ, 21ಎ ಬಂದಾಗ ಮಾತ್ರ ‘ಇನ್ನೊಂದ್ಸಲ ಓದು’ ಅಂದಿದ್ದ.

ಆಯಿಯದ್ದು, ಅಂದರೆ ಅಮ್ಮನದ್ದು, ಬೇರೆಯೇ ತಕರಾರು. 30 ದಿನ ಕಳೆದರೆ ಜುಲೈ 9, ಮೇಲೆ ನಾಲ್ಕೈದು ದಿನ ಬಿಟ್ಟು ಜುಲೈ 14 ಅಂತ ಗೊತ್ತು ಮಾಡಿದ್ದೆವು. ಪಂಚಾಂಗ ತೆಗೆದು ನೋಡಿ ಕೂತುಬಿಟ್ಟಳು. ‘ಆಷಾಢದಲ್ಲಿ ಎಂತ ಮದ್ವೆನೇ?’ ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳವರೆಗೆ ಯಾವಾಗ ಬೇಕಾದರೂ ಆಗಬಹುದು, ಮೂರು ತಿಂಗಳು ದಾಟಿದರೆ ಮಾತ್ರ ಹೊಸ ನೋಟಿಸ್. ಶ್ರಾವಣಕ್ಕೆ ಮುಂದೂಡಲು ಕಾಯ್ದೆ ಬಿಡುತ್ತಿತ್ತು. ದೋಣಿ ಬಿಡುತ್ತಿರಲಿಲ್ಲ, ಆಗಸ್ಟ್ ಹುಟ್ಟಿದರೆ ಅವನು ಎಂಜಿನ್ ಕೆಳಗೆ. ಆಯಿ ಕೊನೆಗೆ ಒಂದು ಉಪಾಯ ಕೇಳಿದಳು: ಅಧಿಕಾರಿ ಮನೆಗೇ ಬರುತ್ತಾರಂತಲ್ಲ? ಹೌದು, ಹೆಚ್ಚಿನ ಶುಲ್ಕ ಕಟ್ಟಿದರೆ ಸಮಂಜಸ ದೂರದೊಳಗೆ ಬೇರೆ ಜಾಗದಲ್ಲೂ ಮಾಡಬಹುದು ಅಂತ 12ನೇ ಕಲಂ ಹೇಳುತ್ತದೆ. ನಮ್ಮ ಮನೆಯ ರಸ್ತೆಯ ಆವತ್ತಿನ ಸ್ಥಿತಿ ನೋಡಿದವರು ‘ಸಮಂಜಸ’ ಅನ್ನುವ ಶಬ್ದ ಬಳಸುವುದಿಲ್ಲ. ಬಿಟ್ಟೆವು.

ಮಧ್ಯದಲ್ಲಿ ಒಂದು ಸಲ ಅವನ ಅಕ್ಕನ ಜೊತೆ ಮಾತಾಡಿದೆ. ಅವಳನ್ನು ಕೊಟ್ಟದ್ದು ಗೋವೆಯ ಕಾಣಕೋಣಕ್ಕೆ. ಕಾಳಿ ಸೇತುವೆ ದಾಟಿ ಮಾಜಾಳಿ ಚೆಕ್‌ಪೋಸ್ಟ್ ಕಳೆದರೆ ಆಯಿತು, ನಮ್ಮ ಶಿರಸಿಗಿಂತ ಎಷ್ಟೋ ಹತ್ತಿರ. ಆದರೆ ಅಲ್ಲಿಯ ಕಾನೂನೇ ಬೇರೆ, ಪೋರ್ತುಗೀಸರು ಬಿಟ್ಟುಹೋದ ನಾಗರಿಕ ಸಂಹಿತೆ. ಮಂಟಪದಲ್ಲಿ ಎಷ್ಟು ಶಾಸ್ತ್ರ ಮಾಡಿದರೂ ಸಿವಿಲ್ ರಿಜಿಸ್ಟ್ರಾರ್ ಎದುರು ಎರಡು ಸಲ ಸಹಿ ಹಾಕಬೇಕು. ಮೊದಲ ಸಹಿ ಉದ್ದೇಶ ತಿಳಿಸಲು, ತಕರಾರಿನ ಅವಧಿ ಕಳೆದ ಮೇಲೆ ಎರಡನೇ ಸಹಿ. ಮದುವೆಗೆ ಮುಂಚೆ ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ಗಂಡ-ಹೆಂಡತಿಯ ಆಸ್ತಿ ಇಬ್ಬರಿಗೂ ಸಮನಾಗಿ ಸೇರಿದ್ದು. ‘ನಮ್ಮಲ್ಲಿ ಮೊದಲ ಸಹಿಗೇ ಅರ್ಧ ಊರು ಸಿಹಿ ಹಂಚ್ತದೆ’ ಅಂದಳು. ಅವಳ ಊರಲ್ಲಿ ಕಚೇರಿಯ ಸಹಿ ಅಂದರೆ ಎಲ್ಲರ ಮನೆಯ ಪದ್ಧತಿ. ನಮ್ಮಲ್ಲಿ ಅದು ಓಡಿಹೋದವರ ಪದ್ಧತಿ.

ಜುಲೈ 14. ಬೆಳಿಗ್ಗೆ ಹತ್ತೂವರೆಗೆ ಕಚೇರಿ. ಮೂರು ಜನ ಸಾಕ್ಷಿ ಬೇಕು. ನನ್ನ ಸಹೋದ್ಯೋಗಿ ಬಂದಳು. ಅವನ ಪರವಾಗಿ ದೋಣಿಯ ಮಾಲೀಕರು ಅವನ ಜೊತೆಗೇ ಹಿಂದಿನ ದಿನ ಬಂದಿದ್ದರು. ಮೂರನೆಯವನು ಅವನ ಚಿಕ್ಕಪ್ಪನ ಮಗ, ಬೆಳಗಿನ ಬಸ್ಸಿಗೆ ಹೊರಟವನು ಯಲ್ಲಾಪುರದ ಹತ್ತಿರ ಮರ ಬಿದ್ದು ರಸ್ತೆಯಲ್ಲೇ ನಿಂತ. ಹನ್ನೊಂದೂವರೆಗೂ ಅಲ್ಲೇ. ಅಪ್ಪ ಕಚೇರಿಯ ಹೊರಗೆ ಕೊಡೆ ಮಡಚಿಕೊಂಡು ನಿಂತಿದ್ದ, ಆದರೆ ಆಧಾರ್ ಕಾರ್ಡ್ ಮನೆಯಲ್ಲಿ ಬಿಟ್ಟು ಬಂದಿದ್ದ. ಬೇಕಂತ ಬಿಟ್ಟದ್ದೋ ಮರೆತದ್ದೋ ನಾನು ಕೇಳಲಿಲ್ಲ. ನಾನು ಅಂಗಡಿಗೆ ಓಡಿದೆ. ಅಕ್ಕ ಒಂದು ಖರೀದಿ ಪತ್ರ ಟೈಪ್ ಮಾಡುತ್ತಿದ್ದರು. ವಿಷಯ ಕೇಳಿ ಗಿರಾಕಿಗೆ ‘ಹತ್ತು ನಿಮಿಷ’ ಅಂದು ಶಟರ್ ಅರ್ಧ ಎಳೆದು ಬಂದರು.

ಕಚೇರಿಯ ಕೆಲಸ ಚುರುಕಾಗಿ ಆಯಿತು. ಮೊದಲು ಘೋಷಣೆಗೆ ಸಹಿ: ನಾನು ಅವಿವಾಹಿತೆ, ಇಷ್ಟು ವಯಸ್ಸು, ಇವನು ನಿಷೇಧಿತ ಸಂಬಂಧದವನಲ್ಲ, ಸುಳ್ಳು ಹೇಳಿದರೆ ಜೈಲು, ದಂಡ ಎರಡೂ ಆಗಬಹುದು ಅಂತ ಗೊತ್ತಿದೆ. ಆಮೇಲೆ ಒಂದು ವಾಕ್ಯ ಬಾಯಿಬಿಟ್ಟು ಹೇಳಬೇಕು, ಅಧಿಕಾರಿ ಮತ್ತು ಮೂವರು ಸಾಕ್ಷಿಗಳಿಗೆ ಕೇಳುವ ಹಾಗೆ. ಈ ಮದುವೆಯ ಸಪ್ತಪದಿ ಅಂದರೆ ಅದೇ, ಅದಿಲ್ಲದೆ ಪೂರ್ಣವಾಗುವುದಿಲ್ಲ. ನಾನು ಇಂಥವಳು ಇಂಥವನನ್ನು ಕಾನೂನುಬದ್ಧ ಪತಿಯಾಗಿ ಸ್ವೀಕರಿಸುತ್ತೇನೆ. ಇಬ್ಬರಿಗೂ ತಿಳಿಯುವ ಯಾವ ಭಾಷೆಯಲ್ಲಾದರೂ ಹೇಳಬಹುದು ಅಂತ ಕಾಯ್ದೆಯಲ್ಲಿದೆ. ಅಧಿಕಾರಿ ‘ಕನ್ನಡ ಅಡ್ಡಿಯಿಲ್ಲ ಅಲ್ಲವಾ?’ ಅಂತ ಕೇಳಿದರು. ಕನ್ನಡವೇ, ಆದರೆ ನಮ್ಮನೆ ಕನ್ನಡ ಆಗಬಹುದಾ ಅಂದೆ. ಅವರು ಅವನ ಕಡೆ ನೋಡಿದರು. ಅವನು ಏಳು ವರ್ಷದಿಂದ ಫೋನಿನಲ್ಲಿ ಕೇಳಿಸಿಕೊಂಡದ್ದು ಅದೇ ಭಾಷೆ, ತಲೆಯಾಡಿಸಿದ.

‘ಆನು ನಿನ್ನ ಕಾಯ್ದೆ ಪ್ರಕಾರ ಎನ್ನ ಗಂಡ ಹೇಳಿ ಒಪ್ಕಂಡಿ.’

ಬಾಗಿಲ ಹೊರಗೆ ಅಪ್ಪ ಕೆಮ್ಮಿದ್ದು ಕೇಳಿಸಿತು. ಅಧಿಕಾರಿ ಯಾವುದಕ್ಕೂ ಇರಲಿ ಅಂತ ಪುಸ್ತಕದ ಕನ್ನಡದಲ್ಲೂ ಒಮ್ಮೆ ಹೇಳಿಸಿದರು. ಅವನು ಪುಸ್ತಕದ ಕನ್ನಡದಲ್ಲೇ ಹೇಳಿದ, ನಡುವೆ ‘ಕಾನೂನುಬದ್ಧ’ದಲ್ಲಿ ಎಡವಿ ಮತ್ತೆ ಮೊದಲಿನಿಂದ ಶುರು ಮಾಡಿದ. ಪ್ರಮಾಣಪತ್ರ ಪುಸ್ತಕದಲ್ಲಿ ನಮ್ಮಿಬ್ಬರ ಸಹಿ, ಮೂವರ ಸಹಿ. ಈ ಪ್ರಮಾಣಪತ್ರ ಮದುವೆಗೆ ನಿರ್ಣಾಯಕ ಸಾಕ್ಷ್ಯ, ಲಗ್ನಪತ್ರಿಕೆ, ವಿಡಿಯೊ ಏನೂ ಬೇಡ.

ಸರ್ಕಾರಕ್ಕೆ ನಾವು ಕಟ್ಟಿದ ಶುಲ್ಕ ಎರಡೂ ದಿನದ್ದು ಸೇರಿಸಿದರೆ ಬಸ್ ನಿಲ್ದಾಣದಿಂದ ಆಟೊದಲ್ಲಿ ಬಂದ ಖರ್ಚಿಗಿಂತ ಕಡಿಮೆ. ಯಾರೂ ಚಹಾ ಕೇಳಲಿಲ್ಲ. ಸರ್ಕಾರಕ್ಕೆ ದರ್ಜೆ: ಒಳ್ಳೆ ಚಾಲಿ. ಆ ಮೂವತ್ತು ದಿನದ ಫಲಕ ಇಲ್ಲದಿದ್ದರೆ ರಾಶಿಗೆ ಏರಿಸುತ್ತಿದ್ದೆ.

ಊಟ ಹೊರಗೆ ಮಾಡಿದೆವು. ಎರಡು ಮನೆಯವರು ಒಂದೇ ಪಂಕ್ತಿಯಲ್ಲಿ ಕೂತರೆ ಏನು ಬಡಿಸುವುದು ಅಂತ ವರ್ಷಗಟ್ಟಲೆ ಕಲ್ಪಿಸಿಕೊಂಡು ಹೆದರಿದ್ದೆ. ನಿಷೇಧದ ಕಾಲ, ಪೇಟೆಯಲ್ಲಿ ಒಳ್ಳೆ ಮೀನೇ ಇರಲಿಲ್ಲ, ಅನ್ನ-ಸಾರಿಗೆ ಯಾರೂ ತಕರಾರು ಮಾಡಲಿಲ್ಲ. ಆಯಿ ಬಂದಿರಲಿಲ್ಲ. ಆದರೆ ಅಪ್ಪನ ಚೀಲದಲ್ಲಿ ಅವಳು ಕಟ್ಟಿಕೊಟ್ಟ ತೊಡೆದೇವು ಇತ್ತು, ಮಳೆಗೆ ಮೆತ್ತಗಾಗದ ಹಾಗೆ ಮೂರು ಪ್ಲಾಸ್ಟಿಕ್ ಸುತ್ತಿ.

ಸಂಜೆ ಬಾಕಿ ಚುಕ್ತಾ ಮಾಡಲು ಅಂಗಡಿಗೆ ಹೋದೆ. ಸಾಕ್ಷಿ ಹಾಕಿದ್ದಕ್ಕೆ ಏನಾದರೂ ತೆಗೆದುಕೊಳ್ಳಿ ಅಂದರೆ ಅಕ್ಕ ಒಪ್ಪಲಿಲ್ಲ. ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದರು: ಆವತ್ತಿನ ಪ್ರಿಂಟ್ 20, ಕವರ್ 5, ಲ್ಯಾಮಿನೇಶನ್ ಬೇಡ ಅಂದರು, ಮುಂದೆ ಮೊಹರು ಹಾಕಿಸಬೇಕಾದರೆ ತೊಂದರೆ. ಕೊನೆಯ ಸಾಲಿನಲ್ಲಿ ‘ಸಾಕ್ಷಿಯ ಆಧಾರ್ ಝೆರಾಕ್ಸ್, 2’. ಅವರದೇ ಆಧಾರ್, ಅವರದೇ ಯಂತ್ರ. ಎರಡು ರೂಪಾಯಿ ಚಿಲ್ಲರೆ ಎಣಿಸಿ ಕೊಟ್ಟೆ, ಎಣಿಸಿ ತೆಗೆದುಕೊಂಡರು. ದರ್ಜೆ: ರಾಶಿ, ಅದೂ ಹಳೇ ದಾಸ್ತಾನಿನದ್ದು.

ಹೋಗುವವರಿಗೆ: ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಶಟರ್ ಹಾಕಿರುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗುವ ಮುಂಚೆ, ಬೆಳಿಗ್ಗೆಯೇ ಹೋಗಿ. ‘ಆಗಿದ್ಯೋ, ಆಗಬೇಕೋ’ ಅಂತ ಕೇಳುತ್ತಾರೆ, ಇಬ್ಬರೂ ಮಾತಾಡಿಕೊಂಡು ಒಂದೇ ಉತ್ತರ ಹೇಳಿ.